ಅನುಮತಿ ಒತ್ತಿದ ಬೆರಳು ಯಾರದು?

ಒಂದು ಮೀಟಿಂಗ್‌ನಲ್ಲಿ ನನ್ನ ಮಾನ ಹೋಗಿದ್ದು ಒಂದು ಕೇಬಲ್‌ನಿಂದ. ಫೋನ್‌ನಲ್ಲಿ ನಾಲ್ಕೇ ಪರ್ಸೆಂಟ್ ಚಾರ್ಜ್ ಉಳಿದಿತ್ತು. ಪಕ್ಕದಲ್ಲಿದ್ದವರ ಲ್ಯಾಪ್‌ಟಾಪ್‌ನಿಂದ ಒಂದು ಕೇಬಲ್ ಸುಮ್ನೆ ನೇತಾಡುತ್ತಿತ್ತು. ಕೇಳಿದೆ, ಹೂಂ ಅಂದರು, ಸಿಕ್ಕಿಸಿಕೊಂಡೆ. ಫೋನ್ ಏನೋ ಕೇಳಿತು. ಓದಲಿಲ್ಲ. ಪರದೆ ಮೇಲೆ ಏನೋ ಅಡ್ಡ ಬಂದಿದೆ, ಅದು ಹೋಗಲಿ ಅಂತ 'ಅನುಮತಿಸಿ' ಒತ್ತಿದೆ. ಆ ಲ್ಯಾಪ್‌ಟಾಪ್ ಪ್ರೊಜೆಕ್ಟರ್‌ಗೆ ಜೋಡಿಸಿದೆ ಅನ್ನುವುದು ನೆನಪಾಗಿದ್ದು ಎದುರಿನ ಗೋಡೆಯ ಮೇಲೆ ನನ್ನ ಫೋಟೋಗಳು ಸಾಲಾಗಿ ತೆರೆದುಕೊಂಡಾಗ. ಮೊದಲನೆಯದೇ ಹಲ್ಲಿನ ಡಾಕ್ಟರಿಗೆ ಕಳಿಸಲು ತೆಗೆದುಕೊಂಡಿದ್ದ ನನ್ನ ದವಡೆಯ ಫೋಟೋ. ಆರು ಅಡಿ ಎತ್ತರಕ್ಕೆ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಯಾಕಂದ್ರೆ ಅಲ್ಲಿ ಯಾರೂ ನನ್ನ ಫೋನ್ ಹ್ಯಾಕ್ ಮಾಡಿರಲಿಲ್ಲ. ವೈರಸ್ ಇರಲಿಲ್ಲ, ಕಳ್ಳ ಇರಲಿಲ್ಲ. ಫೋನ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು, ಕೇಳಿತ್ತು. ಬಾಗಿಲು ತೆಗೆದಿದ್ದು ನನ್ನ ಬೆರಳು.

ಆಮೇಲೆ ಕೆಲವು ವಾರ ಈ ಕೇಬಲ್ ವಿಷಯವನ್ನೇ ಓದುತ್ತಾ ಕೂತೆ. ಓದಿದಷ್ಟೂ ಒಂದು ಮಾತು ಗಟ್ಟಿಯಾಯಿತು. ಕೇಬಲ್ ಮೂಲಕ ಫೋನ್‌ಗೆ ಕನ್ನ ಹಾಕುವ ಕಥೆಯ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: ಫೋನ್ ಯಾರನ್ನು ಕೇಳುತ್ತದೆ, ಹೂಂ ಅಂದವರು ನಿಜಕ್ಕೂ ನೀವೇನಾ?

ಮೊದಲು ತಂತಿಯ ಮಾತು, ಬೇಗ ಮುಗಿಸುತ್ತೇನೆ. ಹಳೆಯ ಮಾದರಿಯ ಯುಎಸ್‌ಬಿ ಕೇಬಲ್ ಸೀಳಿದರೆ ಒಳಗೆ ನಾಲ್ಕು ತಂತಿ. ಎರಡು ಕರೆಂಟ್‌ಗೆ, ಎರಡು ಡೇಟಾಗೆ. ಈಗಿನ ಟೈಪ್-ಸಿ ಕನೆಕ್ಟರ್‌ನಲ್ಲಿ 24 ಪಿನ್ ಇವೆ, ಆದರೆ ಮೂಲ ಸಂಗತಿ ಅದೇ: ಊಟ ಬರುವ ಬಾಗಿಲೂ ಮಾತು ಬರುವ ಬಾಗಿಲೂ ಒಂದೇ. ಅದರ ಮೇಲೆ ಫೋನ್‌ಗೆ ಎರಡು ವೇಷ. ಕಂಪ್ಯೂಟರ್‌ಗೆ ಜೋಡಿಸಿದರೆ ಅದು ಆಳು, ಕಂಪ್ಯೂಟರ್ ಯಜಮಾನ. ಪೆನ್‌ಡ್ರೈವ್, ಕೀಬೋರ್ಡ್ ಸಿಕ್ಕಿಸಿದರೆ ಫೋನೇ ಯಜಮಾನ. ಟೈಪ್-ಸಿಯಲ್ಲಂತೂ ಕೇಬಲ್ ಸಿಕ್ಕಿಸಿದ ಮೇಲೂ ಎರಡೂ ಕಡೆಯವರು ಮಾತಾಡಿಕೊಂಡು ಪಾತ್ರ ಬದಲಿಸಿಕೊಳ್ಳಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು. ಆಚೆ ತುದಿಯಲ್ಲಿ ಇರುವುದು ಏನು ಅಂತ ಫೋನ್‌ಗೆ ಕಣ್ಣಿಂದ ಕಾಣುವುದಿಲ್ಲ. 'ನಾನು ಕಂಪ್ಯೂಟರ್' ಅಂದರೆ ಕಂಪ್ಯೂಟರ್, 'ನಾನು ಕೀಬೋರ್ಡ್' ಅಂದರೆ ಕೀಬೋರ್ಡ್. ಚಾರ್ಜರ್ ಡಬ್ಬಿಯೊಳಗೆ ಕಂಪ್ಯೂಟರ್ ಬಚ್ಚಿಟ್ಟರೆ ನಮ್ಮ ಕಣ್ಣಿಗೆ ಅದು ಚಾರ್ಜರ್, ಫೋನ್‌ಗೆ ಕಂಪ್ಯೂಟರ್. 2014ರಲ್ಲಿ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ಅನ್ನುವ ಸಂಶೋಧಕರು ಬ್ಲ್ಯಾಕ್ ಹ್ಯಾಟ್ ಅನ್ನುವ ಭದ್ರತಾ ಸಮ್ಮೇಳನದಲ್ಲಿ ತೋರಿಸಿದ 'ಬ್ಯಾಡ್‌ಯುಎಸ್‌ಬಿ'ಯ ತಿರುಳೂ ಇದೇ. ಸಾಮಾನ್ಯ ಪೆನ್‌ಡ್ರೈವ್‌ನ ಒಳಗಿನ ಫರ್ಮ್‌ವೇರ್ (ಅದನ್ನು ನಡೆಸುವ ಮೂಲ ಸಾಫ್ಟ್‌ವೇರ್) ಬದಲಿಸಿದರೆ ಅದು ಕೀಬೋರ್ಡ್ ಅಂತ ಹೇಳಿಕೊಂಡು ತಾನೇ ಟೈಪ್ ಮಾಡಲು ಶುರು ಮಾಡುತ್ತದೆ. ಯುಎಸ್‌ಬಿ ಲೋಕದಲ್ಲಿ ಹೆಸರು ಹೇಳಿಕೊಂಡರೆ ಸಾಕು, ಗುರುತಿನ ಚೀಟಿ ಕೇಳುವ ಪದ್ಧತಿ ಇಲ್ಲ.

ಈ ಭಯ ಜನರ ಬಾಯಿಗೆ ಬಂದಿದ್ದು 2011ರಲ್ಲಿ. ಲಾಸ್ ವೇಗಸ್‌ನಲ್ಲಿ ನಡೆಯುವ ಡೆಫ್ ಕಾನ್ ಅನ್ನುವ ಹ್ಯಾಕರ್‌ಗಳ ಜಾತ್ರೆಯಲ್ಲಿ ಒಂದು ಗುಂಪು ಉಚಿತ ಚಾರ್ಜಿಂಗ್ ಪೆಟ್ಟಿಗೆ ಇಟ್ಟಿತ್ತು. ಫೋನ್ ಸಿಕ್ಕಿಸಿದ ಕೂಡಲೇ ಪೆಟ್ಟಿಗೆಯ ಪರದೆಯಲ್ಲಿ 'ಸಿಕ್ಕ ಸಿಕ್ಕ ಕಡೆ ಫೋನ್ ಹಾಕಬೇಡಿ' ಅನ್ನುವ ಅರ್ಥದ ಎಚ್ಚರಿಕೆ. ಬಂದವರೆಲ್ಲ ಇದೇ ಕಸುಬಿನವರು, ಆದರೂ ಮುನ್ನೂರಕ್ಕಿಂತ ಜಾಸ್ತಿ ಜನ ಸಿಕ್ಕಿಸಿದರು! ಬ್ರಯಾನ್ ಕ್ರೆಬ್ಸ್ ಅನ್ನುವ ಪತ್ರಕರ್ತ ಅದರ ಬಗ್ಗೆ ಬರೆಯುತ್ತಾ 'ಜ್ಯೂಸ್ ಜಾಕಿಂಗ್' ಅಂತ ಹೆಸರಿಟ್ಟರು. ಆ ಹೆಸರು ಅಂಟಿಕೊಂಡಿತು. ಸ್ವಲ್ಪ ಜಾಸ್ತಿಯೇ ಅಂಟಿಕೊಂಡಿತು ಅನ್ನುವುದು ನನ್ನ ತಕರಾರು, ಅದನ್ನು ಆಮೇಲೆ ಹೇಳುತ್ತೇನೆ.

ಎರಡು ವರ್ಷ ಕಳೆದು 2013ರಲ್ಲಿ ಜಾರ್ಜಿಯಾ ಟೆಕ್‌ನ ಸಂಶೋಧಕರು ಅದನ್ನು ಎಚ್ಚರಿಕೆಯ ಮಟ್ಟದಿಂದ ಕೆಲಸ ಮಾಡುವ ಯಂತ್ರದ ಮಟ್ಟಕ್ಕೆ ತಂದರು. 'ಮ್ಯಾಕ್ಟಾನ್ಸ್' ಅಂತ ಹೆಸರು. ಒಂದು ಪುಟ್ಟ ಬೀಗಲ್‌ಬೋರ್ಡ್ ಕಂಪ್ಯೂಟರನ್ನು ಚಾರ್ಜರ್ ಅಂತ ಜೋಡಿಸಿದರೆ ಒಂದು ನಿಮಿಷದೊಳಗೆ ಐಫೋನ್‌ಗೆ ಕೆಟ್ಟ ಆ್ಯಪ್ ಇಳಿಯುತ್ತಿತ್ತು, ಜೈಲ್‌ಬ್ರೇಕ್ ಮಾಡಿರದ, ಅಂದರೆ ಆ್ಯಪಲ್‌ನ ಕಟ್ಟುಪಾಡು ಮುರಿದಿರದ ಫೋನ್‌ಗೂ. ಆಗಿನ ಐಫೋನ್ ಅನ್‌ಲಾಕ್ ಆಗಿದ್ದರೆ ಸಾಕು, ಎದುರಿಗಿದ್ದ ಕಂಪ್ಯೂಟರನ್ನು ಕೇಳದೆಯೇ ನಂಬಿಬಿಡುತ್ತಿತ್ತು. ಕೇಳುವ ಅಭ್ಯಾಸವೇ ಇರಲಿಲ್ಲ! 'ಈ ಕಂಪ್ಯೂಟರನ್ನು ನಂಬಬೇಕೇ?' ಅನ್ನುವ ಪ್ರಶ್ನೆ ಐಓಎಸ್ 7ರಲ್ಲಿ ಬಂತು. 2017ರ ಐಓಎಸ್ 11ರಿಂದ ಅದಕ್ಕೆ ಪಾಸ್‌ಕೋಡ್ ಕೂಡ ಬೇಕಾಯಿತು. ಆಂಡ್ರಾಯ್ಡ್ ಕಡೆಯಲ್ಲೂ ಸುಮಾರು ಅದೇ ಹೊತ್ತಿಗೆ, 4.2.2 ಆವೃತ್ತಿಯಿಂದ, ಯುಎಸ್‌ಬಿ ಡೀಬಗ್ಗಿಂಗ್‌ಗೆ (ಕೋಡ್ ಬರೆಯುವವರು ಕೇಬಲ್ ಮೂಲಕ ಫೋನ್‌ಗೆ ಆಜ್ಞೆ ಕೊಡುವ ದಾರಿ) ಕಂಪ್ಯೂಟರ್‌ನ ಗುರುತಿನ ಕೀ ತೋರಿಸಿ ಒಪ್ಪಿಗೆ ಕೇಳುವುದು ಶುರುವಾಯಿತು. 2015ರ ಆಂಡ್ರಾಯ್ಡ್ 6ರಿಂದ ಕೇಬಲ್ ಸಿಕ್ಕಿಸಿದಾಗ ತಾನಾಗಿಯೇ ಬರೀ ಚಾರ್ಜಿಂಗ್, ಫೈಲ್ ಬೇಕಾದರೆ ನೀವೇ ಆರಿಸಬೇಕು.

ಅಂದರೆ ಗೋಡೆ ಮೇಲೆ ದವಡೆ ಕಂಡ ದಿನ ನಾನು ಕಡೆಗಣಿಸಿ ಒತ್ತಿದ ಆ ಸಣ್ಣ ಡಬ್ಬಿ ಹತ್ತು ವರ್ಷದ ಜಗಳದಿಂದ ಬಂದಿದ್ದು. ಯಾರೋ ಕಷ್ಟಪಟ್ಟು ಹಾಕಿದ ಬೀಗ. ನಾನು ತಳ್ಳಿ ಒಳಗೆ ಬಿಟ್ಟೆ.

ಸರಿ, ಓದಿ ಒತ್ತಿದರೆ ಆಯಿತಲ್ಲ, ಇನ್ನೇನು? ನಾನೂ ಹಾಗೇ ಅಂದುಕೊಂಡಿದ್ದೆ. 2025ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರು 'ಚಾಯ್ಸ್‌ಜಾಕಿಂಗ್' ಅಂತ ಒಂದು ಕೆಲಸ ಪ್ರಕಟಿಸಿದರು. ನನಗೆ ಈ ಇಡೀ ವಿಷಯದಲ್ಲಿ ಅತಿ ಸೊಗಸಾಗಿ ಕಂಡಿದ್ದು, ಅತಿ ಹೆದರಿಸಿದ್ದೂ ಅದೇ. ಎಲ್ಲ ಕಂಪನಿಗಳೂ ಹತ್ತು ವರ್ಷ ಒಂದು ನಂಬಿಕೆಯ ಮೇಲೆ ನಿಂತಿದ್ದವು: ಕೇಬಲ್‌ನ ಆಚೆ ಇರುವುದು ಒಂದೋ ಕಂಪ್ಯೂಟರ್, ಇಲ್ಲವೋ ಕೀಬೋರ್ಡ್‌ನಂಥ ಸಾಧನ. ಏಕಕಾಲಕ್ಕೆ ಎರಡೂ ಆಗಲಾರದು. ಹಾಗಾಗಿ ಪ್ರಶ್ನೆ ಕೇಳಿಸುವವನೇ ಉತ್ತರ ಒತ್ತಲಾರ.

ಒತ್ತಬಲ್ಲ. ಅವರ ಒಂದು ದಾರಿ ಹೀಗಿದೆ. ಕೆಟ್ಟ ಚಾರ್ಜರ್ ಮೊದಲು ಕೀಬೋರ್ಡ್ ವೇಷ ಹಾಕುತ್ತದೆ. ಕೀಲಿಗಳನ್ನು ಒತ್ತಿದ ಹಾಗೆ ಮಾಡಿ ಫೋನ್‌ನ ಸೆಟ್ಟಿಂಗ್ಸ್ ಒಳಗೆ ಹೋಗುತ್ತದೆ, ಬ್ಲೂಟೂತ್ ಆನ್ ಮಾಡುತ್ತದೆ, ತನ್ನ ಹೊಟ್ಟೆಯೊಳಗೇ ಇರುವ ಇನ್ನೊಂದು ಬ್ಲೂಟೂತ್ ಕೀಬೋರ್ಡನ್ನು ಜೋಡಿಸಿಕೊಳ್ಳುತ್ತದೆ. ಆಮೇಲೆ ಕೇಬಲ್ ಮೇಲೆ ಪಾತ್ರ ಬದಲಿಸಿ (ನೆನಪಿದೆಯಲ್ವಾ, ಟೈಪ್-ಸಿ) ಕಂಪ್ಯೂಟರ್ ಆಗುತ್ತದೆ. ಫೋನ್ ಪಾಪ, ಪ್ರಾಮಾಣಿಕವಾಗಿ ಕೇಳುತ್ತದೆ: ಈ ಕಂಪ್ಯೂಟರ್‌ಗೆ ಫೈಲ್ ಕೊಡಲಾ? ಗಾಳಿಯಲ್ಲಿ ಬ್ಲೂಟೂತ್ ಕೀಬೋರ್ಡ್ 'ಹೂಂ' ಒತ್ತುತ್ತದೆ. ನೀವು ಒಂದು ಕ್ಷಣ ಆ ಕಡೆ ತಿರುಗಿದ್ದರೆ ಮುಗಿಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತು ಅನ್ನುತ್ತಾರಲ್ಲ, ಇಲ್ಲಿ ಹೊಲಕ್ಕೆ ಬಂದವನೇ ಬೇಲಿ ಕಾಯುವವನ ದನಿಯಲ್ಲಿ 'ಬಿಡಪ್ಪಾ, ನಮ್ಮವನೇ' ಅಂದ ಹಾಗೆ.

ಇಂಥ ದಾಳಿಗಳಲ್ಲಿ ಹೆಚ್ಚಿನವಕ್ಕೆ ಫೋನ್ ಅನ್‌ಲಾಕ್ ಆಗಿರಬೇಕು. ಚಾರ್ಜ್‌ಗೆ ಹಾಕಿ ಅದನ್ನೇ ನೋಡುತ್ತಾ ಕೂರುವುದು ನಮ್ಮ ಚಾಳಿ ತಾನೇ. ಸಂಶೋಧಕರು ಮೊದಲೇ ಕಂಪನಿಗಳಿಗೆ ತಿಳಿಸಿದ್ದರಿಂದ ಐಓಎಸ್ 18.4ರಲ್ಲೂ ಆಂಡ್ರಾಯ್ಡ್ 15ರಲ್ಲೂ ಬದಲಾವಣೆ ಬಂತು. ಈಗ ಬರೀ 'ಹೂಂ' ಸಾಲದು, ಪಿನ್ ಅಥವಾ ಬೆರಳಚ್ಚು ಕೇಳುತ್ತದೆ. ಕೀಬೋರ್ಡ್ ವೇಷದವನಿಗೆ ನಿಮ್ಮ ಪಿನ್ ಗೊತ್ತಿಲ್ಲ. ಆದರೆ ಆಂಡ್ರಾಯ್ಡ್‌ನಲ್ಲಿ ಒಂದೊಂದು ಕಂಪನಿಯೂ ತನ್ನದೇ ಬಣ್ಣ ಬಳಿಯುತ್ತದೆ. ಹಾಗಾಗಿ ಆವೃತ್ತಿಯ ನಂಬರ್ ನೋಡಿ ನೆಮ್ಮದಿ ಪಡಬೇಡಿ. ನಿಮ್ಮದೇ ಕಂಪ್ಯೂಟರ್‌ಗೆ ಸಿಕ್ಕಿಸಿ, ಫೈಲ್ ವರ್ಗಾವಣೆ ಆರಿಸಿ. ಪಿನ್ ಕೇಳಿತಾ? ಕೇಳಿದರೆ ಸರಿ. ಕೇಳದೆ ಸುಮ್ನೆ ಬಿಟ್ಟುಕೊಟ್ಟರೆ ನಿಮ್ಮ ಫೋನ್‌ಗೆ ಆ ಬೀಗ ಇನ್ನೂ ಬಂದಿಲ್ಲ, ಸಿಕ್ಕ ಪೋರ್ಟ್‌ಗೆ ಅದನ್ನು ಒಡ್ಡಬೇಡಿ.

ಈಗ ನನ್ನ ತಕರಾರು. 2019ರಲ್ಲಿ ಲಾಸ್ ಏಂಜಲಿಸ್ ಕೌಂಟಿಯ ಸರ್ಕಾರಿ ವಕೀಲರ ಕಚೇರಿ, 2023ರಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಶಾಖೆ, ಹೀಗೆ ಆಗಾಗ ಯಾರಾದರೂ 'ವಿಮಾನ ನಿಲ್ದಾಣದ ಯುಎಸ್‌ಬಿ ಪೋರ್ಟ್ ಮುಟ್ಟಬೇಡಿ' ಅಂತ ಹೇಳುತ್ತಾರೆ, ಅದು ಒಂದು ವಾರ ಎಲ್ಲರ ಸ್ಟೇಟಸ್‌ನಲ್ಲಿ ಓಡಾಡುತ್ತದೆ, ಆಮೇಲೆ ಮರೆಯುತ್ತದೆ, ಮುಂದಿನ ಹಬ್ಬದ ರಜೆಗೆ ಮತ್ತೆ ಬರುತ್ತದೆ. ಆದರೆ ಹೀಗೆ ಸಾರ್ವಜನಿಕ ಪೋರ್ಟ್‌ನಲ್ಲಿ ಯಾರದೋ ಫೋನ್ ದೋಚಿದ ಒಂದು ಖಚಿತ ಪ್ರಕರಣವೂ ತನ್ನ ಗಮನಕ್ಕೆ ಬಂದಿಲ್ಲ ಅಂತ ಅಮೆರಿಕದ ಸಂಪರ್ಕ ಆಯೋಗವೇ ತನ್ನ ಎಚ್ಚರಿಕೆಯ ಜೊತೆಗೇ ಹೇಳಿದೆ. ಯೋಚಿಸಿದರೆ ಅರ್ಥವಾಗುತ್ತೆ. ಗೋಡೆ ಒಡೆದು, ಯಂತ್ರ ಬಚ್ಚಿಟ್ಟು, ಯಾರು ಬರುತ್ತಾರೋ ಅಂತ ಕಾಯುವುದಕ್ಕಿಂತ ಒಂದು ಸುಳ್ಳು ಲಿಂಕ್ ಕಳಿಸುವುದು ಕಳ್ಳನಿಗೆ ಎಷ್ಟೋ ಸುಲಭ.

ಹಾಗಂತ ಕೇಬಲ್ ದಾಳಿ ಬರೀ ಲ್ಯಾಬ್‌ನ ಆಟ ಅಂದುಕೊಂಡರೆ ಅದೂ ತಪ್ಪು. ಕೇಬಲ್ ದಾಳಿಗಳು ನಿಜವಾಗಿ ನಡೆದಿರುವುದು ಬೇರೆ ಜಾಗದಲ್ಲಿ, ಫೋನ್ ನಿಮ್ಮ ಕೈಯಲ್ಲಿ ಇಲ್ಲದಾಗ.

2024ರ ಡಿಸೆಂಬರ್. ಸರ್ಬಿಯಾದಲ್ಲಿ ಅಧಿಕಾರಿಗಳು ಒಬ್ಬ ವಿದ್ಯಾರ್ಥಿ ಹೋರಾಟಗಾರನನ್ನು ಹಿಡಿದು ಅವನ ಫೋನ್ ತೆಗೆದುಕೊಂಡರು. ಲಾಕ್ ಆಗಿದ್ದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ32. ಫೋನ್ ವಾಪಸ್ ಸಿಕ್ಕ ಮೇಲೆ ಅವನು ಅದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನ ಭದ್ರತಾ ಲ್ಯಾಬ್‌ಗೆ ಕೊಟ್ಟ. 2025ರ ಫೆಬ್ರುವರಿಯಲ್ಲಿ ಅವರು ವರದಿ ಹೊರಗಿಟ್ಟರು: ಪೊಲೀಸರಿಗೆ ಫೋನ್ ಬಿಡಿಸುವ ಸಲಕರಣೆ ಮಾರುವ ಸೆಲೆಬ್ರೈಟ್ ಕಂಪನಿಯ ಉಪಕರಣ ಬಳಸಿ, ಕೇಬಲ್ ಮೂಲಕ, ಲಾಕ್ ಮುರಿದಿದ್ದಾರೆ. ಫೋನ್‌ನ ದಾಖಲೆಯಲ್ಲಿ ಉಳಿದ ಗುರುತು ನೋಡಿದರೆ ಒಂದರ ಹಿಂದೆ ಒಂದು ಯುಎಸ್‌ಬಿ ಸಾಧನಗಳು ಬಂದು ಹೋದ ಹಾಗಿತ್ತು. ವೆಬ್‌ಕ್ಯಾಮ್, ಸೌಂಡ್ ಕಾರ್ಡ್, ಟಚ್‌ಪ್ಯಾಡ್ ಥರದವು. ಯಾವುದೂ ಅಸಲಿ ಅಲ್ಲ, ಎಲ್ಲ ವೇಷ.

ಇದನ್ನು ಓದಿದಾಗ ನನಗೆ ಮೊದಲು ಬಂದ ಪ್ರಶ್ನೆ, ಲಾಕ್ ಆಗಿರುವ ಫೋನ್ ವೆಬ್‌ಕ್ಯಾಮ್ ಜೊತೆ ಯಾಕೆ ಮಾತಾಡಬೇಕು? ಉತ್ತರ ಬೇಸರ ತರಿಸುವಂಥದು. ಲಾಕ್ ಪರದೆ ಇರುವುದು ಮೇಲಿನ ಮಹಡಿಯಲ್ಲಿ. ಕೇಬಲ್ ಬಂದು ಸೇರುವುದು ನೆಲಮಾಳಿಗೆಗೆ, ಅಂದರೆ ಆಂಡ್ರಾಯ್ಡ್‌ನ ತಳದಲ್ಲಿರುವ ಲಿನಕ್ಸ್ ಕರ್ನಲ್‌ಗೆ. ಅಲ್ಲಿ ಸಾಧನ ಹೆಸರು ಹೇಳಿದ ಕೂಡಲೇ ಅದಕ್ಕೆ ಹೊಂದುವ ಡ್ರೈವರ್, ಅಂದರೆ ಆ ಸಾಧನದ ಜೊತೆ ಮಾತಾಡುವ ಕೋಡ್, ಎದ್ದು ಬಂದು ಅದು ಕೊಟ್ಟ ವಿವರಗಳನ್ನು ಓದುತ್ತದೆ. ಓದುವ ಕೋಡ್‌ನಲ್ಲಿ ತಪ್ಪಿದ್ದರೆ ಬೇಕಂತಲೇ ಹಾಳು ಮಾಡಿದ ವಿವರ ಕೊಟ್ಟು ಮೆಮೊರಿಯಲ್ಲಿ ತೂತು ಕೊರೆಯಬಹುದು. ಮೇಲಿನ ಮಹಡಿಯಲ್ಲಿ ಪಿನ್ ಎಷ್ಟು ಉದ್ದ ಇದೆ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಇಲ್ಲಿ ಬಳಸಿದ ಒಂದು ದೋಷ, ವೆಬ್‌ಕ್ಯಾಮ್ ಡ್ರೈವರ್‌ನದು, 2008ರಿಂದಲೂ ಲಿನಕ್ಸ್‌ನಲ್ಲಿ ಇತ್ತು. ಮೂರು ದೋಷಗಳಿಗೆ ಆಂಡ್ರಾಯ್ಡ್‌ನ 2025ರ ಫೆಬ್ರುವರಿ, ಮಾರ್ಚ್, ಏಪ್ರಿಲ್ ತಿಂಗಳ ಭದ್ರತಾ ಅಪ್‌ಡೇಟ್‌ಗಳಲ್ಲಿ ತೇಪೆ ಬಂತು. ಆ ವರದಿಗೆ ಕೆಲವೇ ದಿನ ಮೊದಲು ಸೆಲೆಬ್ರೈಟ್, ಸರ್ಬಿಯಾದ ಕೆಲವು ಗ್ರಾಹಕರಿಗೆ ತನ್ನ ಉಪಕರಣದ ಬಳಕೆ ನಿಲ್ಲಿಸಿರುವುದಾಗಿ ಹೇಳಿತು.

ಇಲ್ಲಿ ಫೋನ್ ಯಾರನ್ನೂ ಕೇಳಲೇ ಇಲ್ಲ, ಗಮನಿಸಿ. ಪ್ರಶ್ನೆ ಕೇಳುವ ಮೊದಲೇ, ಪ್ರಶ್ನೆ ಕೇಳುವ ಜಾಗಕ್ಕಿಂತ ಕೆಳಗೇ ಕೆಲಸ ಮುಗಿದಿತ್ತು. ಹಾಗಾಗಿ ಇಂಥದ್ದಕ್ಕೆ ಮದ್ದು ಇನ್ನೂ ಚೆನ್ನಾಗಿ ಕೇಳುವುದಲ್ಲ. ಲಾಕ್ ಆಗಿದ್ದಾಗ ಆ ಬಾಗಿಲನ್ನೇ ಮುಚ್ಚಿಬಿಡುವುದು, ಕರೆಂಟ್ ಬಿಟ್ಟು ಬೇರೇನೂ ಬರದ ಹಾಗೆ.

ಆ್ಯಪಲ್ ಈ ಕೆಲಸ 2018ರ ಜುಲೈನಲ್ಲಿ, ಐಓಎಸ್ 11.4.1ರಲ್ಲಿ ಮಾಡಿತು. ಆಗ ಗ್ರೇಕೀ ಅನ್ನುವ ಪೆಟ್ಟಿಗೆಯನ್ನು ಐಫೋನ್‌ಗೆ ಸಿಕ್ಕಿಸಿ ಪಾಸ್‌ಕೋಡ್ ಊಹಿಸುವ ವ್ಯಾಪಾರ ನಡೆಯುತ್ತಿತ್ತು. ಹೊಸ ನಿಯಮದ ಪ್ರಕಾರ ಫೋನ್ ಲಾಕ್ ಆಗಿ ಒಂದು ಗಂಟೆ ಕಳೆದರೆ ಪೋರ್ಟ್‌ನಲ್ಲಿ ಡೇಟಾ ಬಂದ್. ಒಳ್ಳೆಯ ಬೀಗ, ಆದರೆ ಇದಕ್ಕೂ ಕನ್ನ ಬಿತ್ತು. 2025ರ ಫೆಬ್ರುವರಿಯ ಐಓಎಸ್ 18.3.1 ಬಂದಿದ್ದೇ ಇದಕ್ಕೆ. ಲಾಕ್ ಆದ ಫೋನ್‌ನಲ್ಲೇ ಈ ಬೀಗವನ್ನು ಆಫ್ ಮಾಡುವ ದಾರಿ ಇತ್ತು, ಸಿಟಿಜನ್ ಲ್ಯಾಬ್ ಅನ್ನುವ ಸಂಶೋಧನಾ ಸಂಸ್ಥೆಯ ಬಿಲ್ ಮಾರ್ಕ್‌ಜಾಕ್ ಅದನ್ನು ಪತ್ತೆ ಮಾಡಿ ತಿಳಿಸಿದರು. ಆಯ್ದ ಕೆಲವರ ಮೇಲೆ ಅದನ್ನು ಬಳಸಿರಬಹುದು ಅಂತ ಆ್ಯಪಲ್ಲೇ ಒಪ್ಪಿಕೊಂಡಿತು. ಅಪ್‌ಡೇಟ್ ಬಂದಾಗ 'ನಾಳೆ ನೋಡೋಣ' ಒತ್ತುವ ಕೈಗೆ ಇದು ನೆನಪಿರಲಿ. ನನ್ನ ಕೈಗೂ.

ಇದರ ಜೊತೆಗೆ ಒಂದು ಸಂಗತಿ ತುಂಬಾ ಜನರಿಗೆ ಗೊತ್ತಿರಲ್ಲ. ಫೋನ್‌ನ ಲಾಕ್‌ನಲ್ಲಿ ಎರಡು ಥರ ಇವೆ. ಫೋನ್ ಆನ್ ಆಗಿ ನೀವಿನ್ನೂ ಒಮ್ಮೆಯೂ ಪಿನ್ ಹಾಕದೇ ಇದ್ದರೆ ನಿಮ್ಮ ಹೆಚ್ಚಿನ ಡೇಟಾ ನಿಜಕ್ಕೂ ಗೂಢಲಿಪಿಯಲ್ಲೇ ಕೂತಿರುತ್ತದೆ, ಬಿಡಿಸುವ ಕೀ ಮೆಮೊರಿಯಲ್ಲಿ ಇರುವುದೇ ಇಲ್ಲ. ಒಮ್ಮೆ ಪಿನ್ ಹಾಕಿದ ಮೇಲೆ ಪರದೆ ಲಾಕ್ ಮಾಡಿದರೂ ಆ ಕೀಗಳಲ್ಲಿ ಬಹಳಷ್ಟು ಮೆಮೊರಿಯಲ್ಲೇ ಉಳಿಯುತ್ತವೆ. ಬೀರುವಿಗೆ ಬೀಗ ಹಾಕಿ ಬೀಗದ ಕೈಯನ್ನು ಅದೇ ಕೋಣೆಯ ಮೊಳೆಗೆ ತೂಗುಹಾಕಿದ ಹಾಗೆ. ಈ ಎರಡನೇ ಸ್ಥಿತಿಯಲ್ಲಿ ಸಿಕ್ಕ ಫೋನ್ ಅಂದರೆ ಒಡೆಯುವವರಿಗೆ ಇಷ್ಟ. ಹಾಗಾಗಿಯೇ ಐಓಎಸ್ 18.1ರಿಂದ ಐಫೋನ್ 72 ಗಂಟೆ ಯಾರೂ ಬಿಡಿಸದಿದ್ದರೆ ತಾನೇ ರೀಸ್ಟಾರ್ಟ್ ಆಗುತ್ತದೆ. ಆಂಡ್ರಾಯ್ಡ್‌ಗೂ 2025ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲೇ ಸರ್ವೀಸಸ್ ಮೂಲಕ ಮೂರು ದಿನದ ಇಂಥದೇ ನಿಯಮ ಬಂತು. ಗ್ರಾಫೀನ್‌ಓಎಸ್ (ಭದ್ರತೆಗೆ ಒತ್ತು ಕೊಟ್ಟ ಆಂಡ್ರಾಯ್ಡ್ ರೂಪ) ಬಳಸುವವರಿಗೆ ಇದು ಹಳೆ ಸುದ್ದಿ, ಅಲ್ಲಿ ಮೊದಲೇ ಇಟ್ಟಿರುವ ಅವಧಿ 18 ಗಂಟೆ. ಟೈಪ್-ಸಿ ಪೋರ್ಟನ್ನು ಹಾರ್ಡ್‌ವೇರ್ ಮಟ್ಟದಲ್ಲೇ ಮುಚ್ಚುವ ಆಯ್ಕೆಯೂ ಅಲ್ಲಿದೆ, ಬೇಕಿದ್ದರೆ ಚಾರ್ಜಿಂಗ್ ಸಮೇತ.

ಫೋನ್ ಬೇರೆಯವರ ಕೈಗೆ ಹೋಗುವ ಸಂದರ್ಭ ಬರಬಹುದು ಅನ್ನಿಸಿದರೆ, ಗಡಿ ತಪಾಸಣೆ, ರಿಪೇರಿ, ಏನೇ ಇರಲಿ, ಸ್ವಿಚ್ ಆಫ್ ಮಾಡಿಬಿಡಿ. ಇದಕ್ಕಿಂತ ಕಡಿಮೆ ಶ್ರಮದ ಉಪಾಯ ನನಗೆ ಕಂಡಿಲ್ಲ. ಅದರಿಂದ ಎಲ್ಲ ದಾಳಿಯೂ ನಿಲ್ಲುತ್ತದೆ ಅಂತಲ್ಲ. ಸರ್ಬಿಯಾದ ಆ ಹುಡುಗನೂ ಫೋನ್ ಆಫ್ ಮಾಡಿದ್ದ. ಆದರೆ ಆಫ್ ಆಗಿದ್ದ ಫೋನ್‌ನಿಂದ ಡೇಟಾ ತೆಗೆಯುವುದು ಬೇರೆಯೇ ಮಟ್ಟದ ಕಷ್ಟ.

ಈಗ ನಾನು ಮಾಡಿಕೊಂಡಿದ್ದು. ಮೊದಲು ನನ್ನ ಆಂಡ್ರಾಯ್ಡ್ ಫೋನ್‌ನ ಡೆವಲಪರ್ ಆಯ್ಕೆಗಳ ಒಳಗೆ ಹೋದೆ. ನೋಡಿದರೆ ಯುಎಸ್‌ಬಿ ಡೀಬಗ್ಗಿಂಗ್ ಆನ್ ಇದೆ! ಯಾವತ್ತೋ ಒಂದು ದಿನ ಯಾವುದೋ ಆ್ಯಪ್ ತೆಗೆಯಲಿಕ್ಕೆ ಅಂತ ಆನ್ ಮಾಡಿ ಮರೆತಿದ್ದೆ. ವಿಮಾನ ನಿಲ್ದಾಣದ ಪೋರ್ಟ್‌ಗೆ ಹೆದರಿ ಗೋಡೆ ಪ್ಲಗ್ ಹುಡುಕುತ್ತಾ ಅಲೆದಾಡುತ್ತಿದ್ದ ನಾನು ಹಿತ್ತಲ ಬಾಗಿಲಿಗೆ ಚಿಲಕವನ್ನೇ ಹಾಕಿರಲಿಲ್ಲ. ಡೀಬಗ್ಗಿಂಗ್ ಅಂದರೆ ಫೈಲ್ ನೋಡುವಷ್ಟು ಸಣ್ಣ ಅನುಮತಿಯಲ್ಲ. ಆ್ಯಪ್ ಹಾಕಬಹುದು, ತೆಗೆಯಬಹುದು, ಪರದೆಯ ಚಿತ್ರ ತೆಗೆಯಬಹುದು, ಬೆರಳಿಟ್ಟ ಹಾಗೆ ಒತ್ತಬಹುದು ಕೂಡ. ಕೋಡ್ ಬರೆಯುವವರಿಗೆ ಬೇಕು, ಉಳಿದವರಿಗೆ ಬೇಡ. ಅಲ್ಲೇ 'ಯುಎಸ್‌ಬಿ ಡೀಬಗ್ಗಿಂಗ್ ಅನುಮತಿಗಳನ್ನು ಹಿಂಪಡೆಯಿರಿ' ಅಂತ ಇರುತ್ತದೆ, ಅದನ್ನೂ ಒತ್ತಿದೆ. ಆಂಡ್ರಾಯ್ಡ್ 11ರಿಂದ ಈ ಅನುಮತಿಗಳು ಒಂದು ವಾರ ಬಳಸದಿದ್ದರೆ ತಾವೇ ಸಾಯುತ್ತವೆ, ಆದರೆ ಆ ಗಡುವನ್ನೇ ಆಫ್ ಮಾಡುವ ಒಂದು ಸ್ವಿಚ್ಚೂ ಅಲ್ಲೇ ಪಕ್ಕದಲ್ಲಿದೆ. ನಾನು ಯಾವ ಕಾಲದಲ್ಲೋ ಅದನ್ನೂ ಆಫ್ ಮಾಡಿಟ್ಟಿದ್ದೆ, ಮಹಾ ಬುದ್ಧಿವಂತಿಕೆಯಿಂದ.

ಐಫೋನ್‌ನಲ್ಲಿ ನಂಬಿದ ಕಂಪ್ಯೂಟರ್‌ಗಳ ಪಟ್ಟಿ ಕಣ್ಣಿಗೆ ಕಾಣಲ್ಲ. ಎಲ್ಲವನ್ನೂ ಮರೆಸಬೇಕೆಂದರೆ ರೀಸೆಟ್ ಮೆನುವಿನಲ್ಲಿ 'ಲೊಕೇಶನ್ ಮತ್ತು ಪ್ರೈವಸಿ ರೀಸೆಟ್' ಒತ್ತಬೇಕು. ಡೇಟಾ ಏನೂ ಹೋಗಲ್ಲ, ಆ್ಯಪ್‌ಗಳು ಎರಡು ದಿನ ಮತ್ತೆ ಮತ್ತೆ ಅನುಮತಿ ಕೇಳಿ ತಲೆ ತಿನ್ನುತ್ತವೆ, ಅಷ್ಟೆ. ಫೇಸ್ ಐಡಿ ಮತ್ತು ಪಾಸ್‌ಕೋಡ್ ಪುಟದಲ್ಲಿ, ಲಾಕ್ ಆಗಿದ್ದಾಗ ಏನೇನು ಬಳಸಬಹುದು ಅನ್ನುವ ಪಟ್ಟಿಯಲ್ಲಿ 'ಆಕ್ಸೆಸರೀಸ್' ಆಫ್ ಇರಬೇಕು. ಐಓಎಸ್ 26ರಲ್ಲಿ ಇದು ಪ್ರೈವಸಿ ಮತ್ತು ಸೆಕ್ಯುರಿಟಿ ಕೆಳಗೆ 'ವೈರ್ಡ್ ಆಕ್ಸೆಸರೀಸ್' ಅಂತ ಬೇರೆ ಜಾಗಕ್ಕೆ ಹೋಗಿದೆ, ಪ್ರತಿ ಸಲ ಕೇಳು ಅಂತಲೂ ಇಡಬಹುದು. ಪತ್ರಕರ್ತರು, ಹೋರಾಟಗಾರರು, ಅಂದರೆ ಯಾರಾದರೂ ತಮ್ಮನ್ನೇ ಗುರಿ ಮಾಡಬಹುದು ಅನ್ನುವ ಜನ, 2022ರಲ್ಲಿ ಬಂದ, ಫೋನ್‌ನ ಹಲವು ಸೌಲಭ್ಯಗಳನ್ನು ಬಿಗಿ ಮಾಡುವ ಲಾಕ್‌ಡೌನ್ ಮೋಡ್ ಆನ್ ಮಾಡಿಕೊಳ್ಳುವುದು ಒಳ್ಳೆಯದು. ಉಳಿದವರಿಗೆ ಅದು ಸೊಳ್ಳೆಗೆ ಕೊಡಲಿ. ಸ್ಯಾಮ್‌ಸಂಗ್‌ನಲ್ಲಿ 'ಆಟೋ ಬ್ಲಾಕರ್' ಇದೆ, ಕೇಬಲ್ ಮೂಲಕ ಬರುವ ಕಮಾಂಡ್‌ಗಳನ್ನು ತಡೆಯುತ್ತದೆ, ಆನ್ ಇದೆಯಾ ನೋಡಿ. ಅದು ಯಾಕೆ ಬೇಕು ಅಂದರೆ, 2018ರಲ್ಲಿ ಸಂಶೋಧಕರು 11 ಕಂಪನಿಗಳ ಎರಡು ಸಾವಿರದಷ್ಟು ಫರ್ಮ್‌ವೇರ್ ಹುಡುಕಿದಾಗ 3,500 ಎಟಿ ಕಮಾಂಡ್ ಸಿಕ್ಕಿದ್ದವು. ಡಯಲ್-ಅಪ್ ಮೋಡೆಮ್ ಕಾಲದ ಕಮಾಂಡ್‌ಗಳು! ಕೆಲವು ಫೋನ್‌ಗಳು ಲಾಕ್ ಇದ್ದಾಗಲೂ ಕೇಬಲ್ ಮೇಲೆ ಬಂದ ಇಂಥ ಕಮಾಂಡ್‌ಗಳಿಗೆ ವಿಧೇಯವಾಗಿ ಕಿವಿಗೊಡುತ್ತಿದ್ದವು.

ಇನ್ನು ಡೇಟಾ ಬ್ಲಾಕರ್. ಬೆರಳ ಗಾತ್ರದ ಒಂದು ತುಂಡು, ಕೇಬಲ್ ಮತ್ತು ಪೋರ್ಟ್ ನಡುವೆ ಹಾಕುವುದು. ಒಳಗೆ ಡೇಟಾ ತಂತಿಗಳೇ ಇರಲ್ಲ, ಬರೀ ಕರೆಂಟ್ ದಾಟುತ್ತದೆ. ಸರಳ, ಸಾಫ್ಟ್‌ವೇರ್ ನಂಬುವ ಗೋಜಿಲ್ಲ, ಹಾಗಾಗಿ ನನಗೆ ಇಷ್ಟ. 'ಇದನ್ನು ಹಾಕಿದರೆ ಚಾರ್ಜ್ ನಿಧಾನ' ಅಂತ ಕೆಲವರು ಬೈಯುತ್ತಾರೆ. ಅದು ಅರ್ಧ ನಿಜ. ಹಳೆಯ ಪದ್ಧತಿಯಲ್ಲಿ ಚಾರ್ಜರ್ ತನ್ನ ಎರಡು ಡೇಟಾ ತಂತಿಗಳನ್ನು ಒಂದಕ್ಕೊಂದು ಸೇರಿಸಿಟ್ಟು 'ನಾನು ಚಾರ್ಜರ್, ಜಾಸ್ತಿ ಎಳೆದುಕೋ' ಅಂತ ಫೋನ್‌ಗೆ ಹೇಳುತ್ತದೆ. ಬ್ಲಾಕರ್ ಆ ತಂತಿಗಳನ್ನು ಸುಮ್ನೆ ಕತ್ತರಿಸಿದ್ದರೆ ಫೋನ್‌ಗೆ ಆ ಮಾತು ಕೇಳದೆ ಮೆಲ್ಲಗೆ ಕುಡಿಯುತ್ತದೆ. ಒಳ್ಳೆಯ ಬ್ಲಾಕರ್‌ಗಳು ಫೋನ್ ಕಡೆ ಅವೆರಡನ್ನೂ ತಾವೇ ಸೇರಿಸಿಟ್ಟಿರುತ್ತವೆ. ಟೈಪ್-ಸಿಯಲ್ಲಿ ಕರೆಂಟ್‌ನ ಚೌಕಾಶಿ ಬೇರೆಯದೇ ಪಿನ್‌ನಲ್ಲಿ ನಡೆಯುವುದರಿಂದ ಡೇಟಾ ಕತ್ತರಿಸಿಯೂ ಫಾಸ್ಟ್ ಚಾರ್ಜಿಂಗ್ ಉಳಿಸಬಹುದು. ಕೊಂಡ ಮೇಲೆ ಒಮ್ಮೆ ಪರೀಕ್ಷೆ ಮಾಡಿ: ಬ್ಲಾಕರ್ ಹಾಕಿ ನಿಮ್ಮದೇ ಕಂಪ್ಯೂಟರ್‌ಗೆ ಜೋಡಿಸಿ. ಫೋನ್ ಏನಾದರೂ ಪ್ರಶ್ನೆ ಕೇಳಿದರೆ ಆ ಬ್ಲಾಕರ್ ಬ್ಲಾಕ್ ಮಾಡುತ್ತಿಲ್ಲ. ಬ್ಲಾಕರ್ ಇಲ್ಲದಿದ್ದರೆ ಪವರ್ ಬ್ಯಾಂಕನ್ನು ಪೋರ್ಟ್‌ಗೆ ಹಾಕಿ, ಫೋನನ್ನು ಪವರ್ ಬ್ಯಾಂಕ್‌ಗೆ. ಒಂದರ ಕೆಲಸ ಮುಗಿದ ಮೇಲೆ ಇನ್ನೊಂದು, ಎರಡನ್ನೂ ಒಟ್ಟಿಗೆ ಅಲ್ಲ.

ಕೇಬಲ್ ಕೂಡ ಯಂತ್ರವೇ ಆಗಿರಬಹುದು ಅನ್ನುವುದು ನಿಜ. ನೋಡಲು ಮಾಮೂಲಿ, ತಲೆಯೊಳಗೆ ವೈಫೈ ಇರುವ ಚಿಪ್. 'ಓಎಂಜಿ ಕೇಬಲ್' ಅಂತ ಭದ್ರತಾ ಪರೀಕ್ಷೆ ಮಾಡುವವರಿಗಾಗಿ ಬಹಿರಂಗವಾಗಿಯೇ ಮಾರುತ್ತಾರೆ. ಇದಕ್ಕೆ ನನ್ನ ಉತ್ತರ ಚಿಕ್ಕದು, ಬಿದ್ದು ಸಿಕ್ಕಿದ ಕೇಬಲ್ ಬಳಸಬೇಡಿ.

ನನಗೆ ಇದಕ್ಕಿಂತ ಜಾಸ್ತಿ ತಲೆ ಕೆಡಿಸುವುದು ಬಾಡಿಗೆ ಕಾರು. ಹಾಡು ಹಾಕೋಣ ಅಂತ ಸಿಕ್ಕಿಸುತ್ತೇವೆ. ಅದು ಕಾಂಟ್ಯಾಕ್ಟ್ ಕೇಳುತ್ತದೆ, ಮೆಸೇಜ್ ಕೇಳುತ್ತದೆ, ರಸ್ತೆ ಮೇಲೆ ಕಣ್ಣಿರುವುದರಿಂದ ಎಲ್ಲಕ್ಕೂ ಹೂಂ ಒತ್ತುತ್ತೇವೆ. ಕಾರು ವಾಪಸ್ ಕೊಡುವಾಗ ಪೆಟ್ರೋಲ್ ನೋಡುತ್ತಾರೆ, ಗೀರು ನೋಡುತ್ತಾರೆ. ಅದರ ನೆನಪಿನಲ್ಲಿ ಏನು ಉಳಿದಿದೆ ಅಂತ ನೋಡುವವರು ಯಾರೂ ಇಲ್ಲ. ಬರೀ ಚಾರ್ಜ್ ಬೇಕಿದ್ದರೆ ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ ನಿಮ್ಮದೇ ಚಾರ್ಜರ್ ಒಯ್ಯಿರಿ.

ಕೊನೆಗೆ ಡ್ರಾಯರ್ ಒಳಗಿನ ಹಳೆ ಐಫೋನ್. 2019ರಲ್ಲಿ 'ಚೆಕ್‌ಎಮ್8' ಅಂತ ಒಂದು ದೋಷ ಹೊರಬಿತ್ತು. ಐಫೋನ್ 4ಎಸ್‌ನಿಂದ ಐಫೋನ್ ಎಕ್ಸ್ ವರೆಗಿನ ಫೋನ್‌ಗಳನ್ನು ಕೇಬಲ್ ಮೂಲಕ ಬೂಟ್ ಆಗುವ ಹಂತದಲ್ಲೇ ಹಿಡಿಯಬಹುದು. ದೋಷ ಇರುವುದು ಚಿಪ್‌ನೊಳಗೆ ಅಚ್ಚಾದ ಕೋಡ್‌ನಲ್ಲಿ, ಹಾಗಾಗಿ ಅಪ್‌ಡೇಟ್‌ನಿಂದ ಸರಿ ಮಾಡುವ ಹಾಗೇ ಇಲ್ಲ. ನನ್ನ ಆ ಫೋನ್ ಅದೇ ಪಟ್ಟಿಯದು. ಅದರಲ್ಲಿದ್ದ ಅಕೌಂಟ್, ಫೋಟೋ ಎಲ್ಲ ಅಳಿಸಿ ಹಾಡು ಕೇಳಲು ಇಟ್ಟುಕೊಂಡಿದ್ದೇನೆ. ಕಳೆದ ವಾರ ಹಾಡು ಹಾಕಲು ಅದನ್ನು ಕಂಪ್ಯೂಟರ್‌ಗೆ ಸಿಕ್ಕಿಸಿದೆ. 'ಈ ಕಂಪ್ಯೂಟರನ್ನು ನಂಬಬೇಕೇ?' ಅಂತ ಕೇಳಿತು. ಪೂರ್ತಿ ಓದಿದೆ, ಎರಡು ಸಲ. ಆಮೇಲೆ ಪಾಸ್‌ಕೋಡ್ ಕೇಳಿತು, ಅದು ಮರೆತುಹೋಗಿತ್ತು.